ನಿಂತವ್ವನ ತೋಟ

ಮೊರಡಿಹಾಳಿನ ಎಲ್ಲೆಗೌಡರ ಮನೆತನ ಇಂದು ನಿನ್ನೆಯದಲ್ಲ. ಆ ಸೀಮೆಯಲ್ಲಿ ಹೊಲಕ್ಕೂ ಹೊಲಕ್ಕೂ, ಊರಿಗೂ ಊರಿಗೂ ಜಗಳ ಬಂದಾಗ ಮೇರೆ ನಿರ್ಣಯಿಸುತ್ತಿದ್ದವರು ಅವರೇ. ಮನೆಯ ಹಿರಿಯರು ಜಾಜಿನಿಂದ, ಆ ಕೆಮ್ಮಣ್ಣಿನ ಉಂಡೆಯಿಂದ, ನೆಲದ ಮೇಲೆ ಗೆರೆ ಎಳೆದರೆ ಅದನ್ನು ಯಾರೂ ದಾಟುವಂತಿರಲಿಲ್ಲ. ಎಳೆದವರ ಕೈಯೇ ಅಳಿಸಬೇಕಿತ್ತು. ಆ ಮನೆಯ ಮಾತು ತಪ್ಪಿತೆಂದು ಹೇಳಿದವರು ಇಲ್ಲ. ಊರಾಚೆ ಹೊಂಗೆ ಮರಗಳ ನಡುವೆ ಇರುವ ಶಿಲ್ಪಗಳ ತೋಟಕ್ಕೆ ಹೆಸರು ಬಂದದ್ದೂ ಆ ಮನೆಯ ಮಗಳಿಂದಲೇ. ಚೈತ್ರದಲ್ಲಿ ಹೊಂಗೆ ಚಿಗುರಿ, ಹೂವು ಉದುರುವ ಹೊತ್ತಿಗೆ ಜನ ಅಲ್ಲಿಗೆ ಬರುತ್ತಾರೆ. ಕಲ್ಲಿನ ಹೆಂಗಸರು ಸಾಲಾಗಿ ನಿಂತಿದ್ದಾರೆ: ಒಬ್ಬಳು ಕನ್ನಡಿ ಹಿಡಿದಿದ್ದಾಳೆ, ಒಬ್ಬಳು ಕೊಡ ಹೊತ್ತಿದ್ದಾಳೆ. ಕೊನೆಯವಳ ಕೈ ಮಾತ್ರ ಬರಿದಾಗಿದೆ.

ಹಿಂದೆ ಒಮ್ಮೆ ಈ ಸೀಮೆಯನ್ನು ಕೆಂಚಣ್ಣ ನಾಯಕನೆಂಬವನು ಆಳುತ್ತಿದ್ದ. ಅವನು ತನ್ನ ತೋಟವನ್ನು ವರ್ಷವರ್ಷವೂ ಹಿಗ್ಗಿಸುತ್ತ ಊರ ದನಗಳು ಮೇಯುವ ಗೋಮಾಳದೊಳಕ್ಕೆ ತಂದಿದ್ದ. ಎಲ್ಲೆಗೌಡರು ಬಂದು ಜಾಜಿನ ಗೆರೆ ಎಳೆದು, ಇಲ್ಲಿಗೆ ನಿಲ್ಲಬೇಕೆಂದರು. ನಾಯಕ ಊರ ಮುಂದೆ ತಲೆಯಾಡಿಸಿದ, ಒಳಗೊಳಗೆ ಕುದಿದ. ಮರುವರ್ಷ ವಸಂತದಲ್ಲಿ, ದೊಡ್ಡ ಮನೆಗಳ ಹೆಣ್ಣುಮಕ್ಕಳನ್ನು ನೋಡಿ ತೋಟಕ್ಕೆ ಶಿಲ್ಪಗಳನ್ನು ಕಡೆಯಲೆಂದು ದೂರದೇಶದ ಶಿಲ್ಪಿ ಬಾಚೋಜನನ್ನು ಕರೆಸಿದ. ಗೌಡರ ಮಗಳು ಸಂಕವ್ವನೂ ಹೋಗಿ ನಿಂತಳು. ಮಧ್ಯಾಹ್ನ ನಾಯಕನಿಂದ ಕರೆ ಬಂದಾಗ ಬಾಚೋಜ, ಅವಳು ನಿಂತ ಜಾಗ ತಪ್ಪದಿರಲೆಂದು, ಕೈಗೆ ಸಿಕ್ಕ ಜಾಜಿನಿಂದ ಅವಳ ಪಾದಗಳ ಸುತ್ತ ಒಂದು ಗುಂಡು ಗೆರೆ ಎಳೆದು ಹೊರಟುಹೋದ. ಪರವೂರಿನವನಿಗೆ ಆ ಗೆರೆಯ ಅರ್ಥ ತಿಳಿದಿರಲಿಲ್ಲ.

ಸುದ್ದಿ ಕೇಳಿದ ನಾಯಕನಿಗೆ ತಿಳಿದಿತ್ತು. ಗೌಡರ ಮಗಳೇ ಜಾಜಿನ ಗೆರೆ ದಾಟಿದರೆ ಗೋಮಾಳದ ಗೆರೆಗೆ ಏನು ಬೆಲೆ? ಗೆರೆ ಅಳಿಸಬೇಕಾದ ಕೈ ಅಲ್ಲಿಗೆ ಹೋಗದಂತೆ ಅವನು ಬಾಚೋಜನನ್ನು ಕೋಟೆಯಲ್ಲಿಯೇ ಕೂಡಿಹಾಕಿಸಿದ.

ಸಂಜೆಗೆ ಸಂಕವ್ವನ ಅತ್ತಿಗೆ ನೀಲವ್ವ ರೊಟ್ಟಿ ಗಂಟು ಹಿಡಿದು ಓಡಿಬಂದಳು. "ನಿನಗೇನು ಹುಚ್ಚೇನೇ? ಅದು ನಮ್ಮ ಮನೆಯ ಗೆರೆಯೇ? ಆ ಕಲ್ಲುಕುಟಿಗ ಗುರುತಿಗೆ ಗೀಚಿದ್ದು!"

"ಅದು ನಿನಗೆ ಗೊತ್ತು, ನನಗೆ ಗೊತ್ತು, ಅತ್ತಿಗೆ. ನಾನು ದಾಟಿದ್ದು ಕಂಡರೆ ನಾಳೆ ನಾಯಕನ ಬೇಲಿ ನಮ್ಮ ದನದ ಕೊಟ್ಟಿಗೆಗೆ ಬರುತ್ತದೆ."

ನೀಲವ್ವ ಬೈದಳು, ಅತ್ತಳು, ಕೊನೆಗೆ ಗೆರೆಯ ಆಚೆಯಿಂದಲೇ ರೊಟ್ಟಿ ಮುರಿದು ಉಣಿಸಿದಳು. ಊರ ಹೆಂಗಸರು ಸೀರೆ ಹಿಡಿದು ಮರೆ ಮಾಡಿದರು. ದಿನಗಳು ಕಳೆದವು. ಕೂತರೆ ಮೊಣಕಾಲು ಗೆರೆಗೆ ತಾಗುವಷ್ಟು ಕಿರಿದು ಆ ಜಾಗ. ಸಂಕವ್ವನ ಮೀನಖಂಡಗಳು ಕಲ್ಲಾದವು. ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಹೊಂಗೆಯ ನೆರಳು ಬಂದು ನಿಲ್ಲುತ್ತಿತ್ತು, ಅವಳ ಮೇಲೆ ಮಾತ್ರ ಬೀಳುತ್ತಿರಲಿಲ್ಲ. ಸುತ್ತ ಬೇಲಿಯಿಲ್ಲ, ಬಾಗಿಲಿಲ್ಲ, ಕಾವಲಿಲ್ಲ; ಹೋಗಬೇಡವೆಂದವರೂ ಇಲ್ಲ. ಅದೇ ಅವಳ ಉಸಿರು ಕಟ್ಟಿಸುತ್ತಿತ್ತು.

ಒಂದು ಬೆಳಿಗ್ಗೆ ನಾಯಕ ಕುದುರೆಯೇರಿ ಬಂದ. "ಏನವ್ವಾ ಗೌಡರ ಮಗಳೇ, ಕಾಲಿಗೆ ಬೇರು ಬಂದವೋ? ಒಂದು ಹೆಜ್ಜೆ ಈಚೆ ಇಡು, ಮನೆಗೆ ಹೋಗು."

"ಮೊದಲು ನೀವು ಇಡಿ, ನಾಯಕರೇ. ಗೋಮಾಳದಿಂದ ಹಿಂದಕ್ಕೆ."

ಅವನ ಜೊತೆಗೆ ಬಂದಿದ್ದವರೇ ನಕ್ಕುಬಿಟ್ಟರು. ಆ ನಗು ಕೋಟೆಯವರೆಗೂ ಹೋಯಿತು ಎನ್ನುತ್ತಾರೆ. ತನ್ನ ಗೆರೆಯಿಂದಾದ ಅನಾಹುತ ಬಾಚೋಜನ ಕಿವಿಗೆ ಬಿದ್ದದ್ದೂ ಹಾಗೆಯೇ. ಅವನು ಕಾವಲಿನವರ ಕೈ ತಪ್ಪಿಸಿಕೊಂಡು ಓಡಿಬಂದು, ರುಮಾಲನ್ನು ನೀರಲ್ಲಿ ಅದ್ದಿ ಗೆರೆಯನ್ನು ಪೂರಾ ಒರೆಸಿದ. "ತಪ್ಪಾಯಿತು ತಾಯಿ, ತಿಳಿಯದೆ ಮಾಡಿದೆ. ಅಳಿಸಿದ್ದೇನೆ, ಬನ್ನಿ."

ಸಂಕವ್ವ ಬರಿಯ ನೆಲ ನೋಡಿದಳು. ಹೆಜ್ಜೆ ಎತ್ತಲಿಲ್ಲ. "ನಿನ್ನ ತಪ್ಪು ಅಳಿಸಿತು, ಬಾಚೋಜಾ. ತಿಳಿದೂ ನಿನ್ನನ್ನು ಹಿಡಿದಿಟ್ಟವನು ಬರಲಿ. ಇಲ್ಲಿ ನಿಂತು, ತಪ್ಪಾಯಿತು ಎನ್ನಲಿ. ಆಮೇಲೆ ಈಚೆ ಬರುತ್ತೇನೆ."

ಊರೆಲ್ಲ ತೋಟದಲ್ಲಿ ಸೇರಿತು. ನಾಯಕ ಕೋಟೆಯ ಉಪ್ಪರಿಗೆಯಲ್ಲಿ ನಿಂತು ನೋಡಿದ. ಕೆಳಗೆ ಇಳಿಯಲಿಲ್ಲ. ಗೋಮಾಳದಿಂದ ತನ್ನ ಬೇಲಿಯನ್ನು ಮಾತ್ರ ಆಳುಗಳಿಂದ ಕೀಳಿಸಿದ. ಸಂಕವ್ವ ಹಾಗೆಯೇ ನಿಂತಳು. ನಿಂತವಳು ಕಲ್ಲಾದಳು ಎನ್ನುತ್ತಾರೆ. ಅಂದಿನಿಂದ ಅದು ನಾಯಕನ ತೋಟವಲ್ಲ, ನಿಂತವ್ವನ ತೋಟ.

ಇಂದಿಗೂ ಆ ಕೊನೆಯ ಶಿಲ್ಪಕ್ಕೆ ಪೀಠವಿಲ್ಲ. ಪಾದಗಳು ನೇರವಾಗಿ ಮಣ್ಣಿನ ಮೇಲಿವೆ. ಒಂದು ಹಿಮ್ಮಡಿ ತುಸುವೇ ಮೇಲೆದ್ದಿದೆ. ತೋಟದಾಚೆ ದನಗಳು ಮೇಯುತ್ತವೆ. ನಾಯಕನ ವಂಶದವರು ಈಗಲೂ ಪ್ರತಿ ವಸಂತದಲ್ಲಿ ಕಾರುಗಳಲ್ಲಿ ಬರುತ್ತಾರೆ, ಅವಳ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಕೆತ್ತನೆ ಬಹಳ ಚೆಂದ ಎನ್ನುತ್ತಾರೆ. ಅವಳು ಕೇಳಿದ್ದು ಅದನ್ನಲ್ಲ. ಅವರು ಅವಳೆದುರು ನಿಂತು, ಊರು ಕೇಳುವಂತೆ, ಕ್ಷಮೆ ಕೇಳಬೇಕು.