ಬಲ್ಲಾಳರ ಗಾಡಿಗೆ ಬಂಗೇರರ ಇಂಜಿನ್

ನದಿ ಸಮುದ್ರ ಸೇರುವುದಕ್ಕೆ ಸ್ವಲ್ಪ ಮೊದಲು, ದಂಡೆಯ ಮೇಲೆ, ಹೊಗೆ ಹಿಡಿದ ಹೆಂಚಿನ ಮಾಡಿನ ಕೆಳಗೆ ಸಂಜೀವ ಬಂಗೇರರ ಗ್ಯಾರೇಜು ಇತ್ತು. ಊರವರು ಅದನ್ನು ಆಶ್ರಮ ಎಂದು ಕರೆಯುತ್ತಿದ್ದರು. ತಮಾಷೆಗೆ ಶುರುವಾದ ಹೆಸರು. ಹೇಳಿ ಹೇಳಿ ತಮಾಷೆ ಹೋಯಿತು, ಹೆಸರು ಉಳಿಯಿತು.

ಅಲ್ಲಿ ಬೋರ್ಡು ಇರಲಿಲ್ಲ, ಬೈಗುಳ ಇರಲಿಲ್ಲ, ಅವಸರವಂತೂ ಇರಲೇ ಇಲ್ಲ. ಇದ್ದದ್ದು ಒಂದೇ ನೇಮ. ಗಾಡಿಯಿಂದ ಇಂಜಿನ್ ಇಳಿಸುವ ಮೊದಲು, ಇಳಿಸುವವರು ಅದರ ಕಾಯಿಲೆ ಏನೆಂದು ಬಾಯಿಬಿಟ್ಟು ಹೇಳಬೇಕು. ಹೇಳಲಾಗದಿದ್ದರೆ ಸ್ಪ್ಯಾನರ್ ಮುಟ್ಟುವಂತಿಲ್ಲ.

ಅದಕ್ಕಾಗಿ ಶಿಷ್ಯೆ ಹರಿಣಾಕ್ಷಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ ನಿಲ್ಲುತ್ತಿದ್ದಳು. ಬಂಗೇರರು ಪಕ್ಕದಲ್ಲಿ ಕೈಕಟ್ಟಿ ನಿಂತು ಕೇಳುತ್ತಿದ್ದರು.

"ಎಂತ ಹೇಳ್ತದೆ?"

ಅವಳು ಹೇಳುತ್ತಿದ್ದಳು. ಅವರು ಒಂದೊಂದು ಸಲ ಮರುಪ್ರಶ್ನೆ ಹಾಕುತ್ತಿದ್ದರು: ಗೆಜ್ಜೆಯ ಹಾಗೆ ಕೇಳುತ್ತದೋ, ಗೆರಸೆಯಲ್ಲಿ ಅಕ್ಕಿ ಆಡಿಸಿದ ಹಾಗೋ? ಅವಳು ಮತ್ತೆ ಕಿವಿಗೊಟ್ಟು, ಅಕ್ಕಿಯ ಹಾಗೆ ಎನ್ನುತ್ತಿದ್ದಳು. ಅವರು ತಲೆಯಾಡಿಸುತ್ತಿದ್ದರು. ಬಿಚ್ಚಿ ನೋಡಿದರೆ ಅವಳು ಹೇಳಿದ್ದೇ ಸರಿಯಾಗಿರುತ್ತಿತ್ತು.

ಹೈಸ್ಕೂಲು ಮುಗಿಸಿ ಬಂದವಳು, ಈಗ ತಲೆಯಲ್ಲಿ ಒಂದೆರಡು ಬಿಳಿಕೂದಲು. ಇಷ್ಟು ಕಾಲವಾದರೂ ಬಂಗೇರ ಮೇಸ್ತ್ರಿಯ ಪರೀಕ್ಷೆ ಮುಗಿಯಲಿಲ್ಲವಲ್ಲ ಎಂದು ಅವಳಿಗೆ ಒಳಗೊಳಗೆ ಮುನಿಸು. ಅವರು ಆ ಪ್ರಶ್ನೆ ಕೇಳದ ದಿನ ಅವಳಿಗೆ ಊಟ ರುಚಿಸುತ್ತಿರಲಿಲ್ಲ ಎನ್ನುವುದೂ ಅಷ್ಟೇ ನಿಜ.

ಆ ವರ್ಷ ಮೇಸ್ತ್ರಿಯ ಕಿವಿ ಕೈಕೊಡತೊಡಗಿತು. ಮೀನಿನವನ ಹಾರ್ನ್ ಕೇಳಿಸಲಿಲ್ಲ, ಹಿಂದಿನಿಂದ ಕರೆದರೆ ತಿರುಗಲಿಲ್ಲ. ಹರಿಣಾಕ್ಷಿ ಹಟ ಹಿಡಿದು ಪೇಟೆಯ ಡಾಕ್ಟರರ ಬಳಿ ಕರೆದುಕೊಂಡು ಹೋದಳು. ಉಳಿದಿರುವುದು ಕಡಿಮೆ, ಅದೂ ಮೆಲ್ಲಗೆ ಹೋಗುತ್ತದೆ, ಯಂತ್ರ ಹಾಕಿದರೂ ದೊಡ್ಡ ಪ್ರಯೋಜನವಿಲ್ಲ ಎಂದರು ಡಾಕ್ಟರರು. ಬಂಗೇರರು ವಾಪಸು ಬರುವಾಗ ಬಸ್ಸಿನಲ್ಲಿ ಆರಾಮವಾಗಿ ನಿದ್ದೆ ಹೊಡೆದರು. ಅವಳು ಕಿಟಕಿಯ ಕಡೆ ಮುಖ ಮಾಡಿ ಕಣ್ಣೊರೆಸಿಕೊಂಡಳು.

ಗ್ಯಾರೇಜಿನ ಮೂಲೆಯಲ್ಲಿ, ಗ್ರೀಸು ಮೆತ್ತಿದ ಗೋಣಿಚೀಲದೊಳಗೆ, ಒಂದು ಹಳೇ ಇಂಜಿನ್ ಮಲಗಿತ್ತು. ಬಂಗೇರರು ಪ್ರಾಯದಲ್ಲಿ ತಾವೇ ತೀಡಿ, ತಿದ್ದಿ, ಕಟ್ಟಿದ್ದು. ಅದನ್ನು ಕೂರಿಸಿಕೊಂಡು ಘಾಟಿ ಹತ್ತುವ ರೇಸುಗಳಲ್ಲಿ ಗೆದ್ದ ಕಾರು ಉಪ್ಪುಗಾಳಿಗೆ ತುಕ್ಕು ಹಿಡಿದು ಮಣ್ಣಾಗಿತ್ತು. ಇಂಜಿನ್ ಮಾತ್ರ ಇತ್ತು. ವರ್ಷಕ್ಕೊಮ್ಮೆ ಅದಕ್ಕೆ ಎಣ್ಣೆ ಹಾಕಿ, ಕೈಯಿಂದ ಒಂದು ಸುತ್ತು ತಿರುಗಿಸಿ, ಮತ್ತೆ ಗೋಣಿ ಹೊದಿಸುತ್ತಿದ್ದರು. ಅದು ಓಡಿದ್ದನ್ನು ಹರಿಣಾಕ್ಷಿ ಒಮ್ಮೆಯೂ ಕೇಳಿರಲಿಲ್ಲ.

ಕೇಳಿದ್ದವರು ಪ್ರಭಾಚಂದ್ರ ಬಲ್ಲಾಳರು. ಚಿಕ್ಕಂದಿನಲ್ಲಿ ಅಪ್ಪನ ಹೆಗಲ ಮೇಲೆ ಕೂತು, ಘಾಟಿಯ ತಿರುವಿನಲ್ಲಿ ಆ ಸ್ವರ ಕೇಳಿ ಮೈಯೆಲ್ಲ ಜುಮ್ಮೆಂದದ್ದನ್ನು ಅವರು ಇನ್ನೂ ಹೇಳುತ್ತಿದ್ದರು. ಈಗ ಅವರ ಬಳಿ ಹಳದಿ ಬಣ್ಣದ ಹೊಸ ಸ್ಪೋರ್ಟ್ಸ್ ಕಾರು ಇತ್ತು. ಎಲ್ಲ ಇದೆ, ಓಡುತ್ತದೆ, ಹಾರುತ್ತದೆ, ಆದರೆ ಮೈ ಜುಮ್ಮೆನ್ನುವುದಿಲ್ಲ ಎಂದು ಒಂದು ದಿನ ಬಂದು ಹೇಳಿಕೊಂಡರು. ಅದರ ಇಂಜಿನ್ ತೆಗೆದು ಬಂಗೇರರ ಇಂಜಿನ್ ಕೂರಿಸಲು ಸಾಧ್ಯವೇ ಎಂದು ಕೇಳಿದರು.

ಹರಿಣಾಕ್ಷಿ ಮೇಸ್ತ್ರಿಯ ಮುಖವನ್ನೂ ನೋಡದೆ ಆಗುತ್ತದೆ ಎಂದುಬಿಟ್ಟಳು.

ಅವಳ ಲೆಕ್ಕ ಬೇರೆಯೇ ಇತ್ತು. ಕಿವಿ ಪೂರ್ತಿ ಹೋಗುವ ಮೊದಲು ಮೇಸ್ತ್ರಿಯನ್ನು ಆ ಗಾಡಿಯ ಮುಂದಿನ ಸೀಟಿನಲ್ಲಿ ಕೂರಿಸಬೇಕು, ಘಾಟಿ ಹತ್ತಿಸಬೇಕು, ಅವರ ಇಂಜಿನ್ನಿನ ಸ್ವರವನ್ನು ಇನ್ನೊಮ್ಮೆ ಅವರಿಗೆ ಕೇಳಿಸಬೇಕು. ಇದನ್ನು ಅವಳು ಯಾರಿಗೂ ಹೇಳಲಿಲ್ಲ.

ಹಳದಿ ಕಾರು ಮಾಡಿನ ಕೆಳಗೆ ಬಂತು. ಅವಳು ಅದನ್ನು ಚಾಲೂ ಮಾಡಿ ಸ್ಕ್ರೂಡ್ರೈವರ್ ಕಿವಿಗಿಟ್ಟಳು. ಬಂಗೇರರು ಬಂದು ಕೈಕಟ್ಟಿ ನಿಂತರು.

"ಎಂತ ಹೇಳ್ತದೆ?"

ಇಂಜಿನ್ ಏನೂ ಹೇಳುತ್ತಿರಲಿಲ್ಲ. ಹೊಟ್ಟೆ ತುಂಬಿದ ಮಗು ಮಲಗಿದ ಹಾಗೆ ಸಮನಾಗಿ ಉಸಿರಾಡುತ್ತಿತ್ತು.

"ಸ್ವರ ಇಲ್ಲ ಹೇಳ್ತದೆ, ಮೇಸ್ತ್ರಿ."

"ಅದು ಹೇಳುದಾ, ನೀನು ಹೇಳುದಾ?"

ಅವಳು ಬಗ್ಗಿ ಇಂಜಿನ್ ಆರಿಸಿದಳು. ಬಂಗೇರರು ಅವಳನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿ, ಆಯಿತು, ಇಳಿಸು ಎಂದು ಚಹಾ ಕುಡಿಯಲು ಹೋದರು.

ಗ್ಯಾರೇಜಿನ ನೇಮವನ್ನು ಅವಳು ಮುರಿದದ್ದು ಅದೇ ಮೊದಲು. ಮುರಿದಾಗ ಸದ್ದೇ ಆಗಲಿಲ್ಲ, ಅದೇ ಅವಳಿಗೆ ಕಸಿವಿಸಿ.

ಕೆಲಸ ಶುರುವಾಯಿತು. ಹೊಸ ಇಂಜಿನ್ ಇಳಿದು ಶುಭ್ರ ಬಟ್ಟೆಯ ಮೇಲೆ ಕೂತಿತು. ಹಳೆಯದಕ್ಕೂ ಹೊಸ ಗಿಯರ್ ಬಾಕ್ಸಿಗೂ ನಂಟು ಕುದುರಿಸಲು ಅವಳು ದಪ್ಪ ತಗಡಿನಲ್ಲಿ ಒಂದು ಬಿಲ್ಲೆ ಕೊರೆಸಿದಳು. ಅಲ್ಲಿಯವರೆಗೆ ಸುಲಭ. ತೊಂದರೆ ಕೊಟ್ಟದ್ದು ಕಾರಿನ ಕಂಪ್ಯೂಟರ್. ಹೊಸ ಕಾಲದ ಗಾಡಿಯಲ್ಲಿ ಬ್ರೇಕು, ಸ್ಟೇರಿಂಗು ಎಲ್ಲವೂ ಗಳಿಗೆಗೊಮ್ಮೆ ಇಂಜಿನ್ನನ್ನು ವಿಚಾರಿಸಿಕೊಳ್ಳುತ್ತವೆ. ಹಳೇ ಇಂಜಿನ್ನಿಗೆ ಆ ಭಾಷೆಯೇ ಗೊತ್ತಿಲ್ಲ. ಸ್ವಿಚ್ಚು ಹಾಕಿದರೆ ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಒಟ್ಟಿಗೆ ಹೊತ್ತಿಕೊಳ್ಳುತ್ತಿದ್ದವು.

ಹರಿಣಾಕ್ಷಿ ಸೋಲುವವಳಲ್ಲ. ಇಂಜಿನ್ ಕ್ಷೇಮವಾಗಿದೆ ಎಂದು ಕಂಪ್ಯೂಟರಿಗೆ ಸುಳ್ಳು ಸುದ್ದಿ ಕಳಿಸುವ ಪುಟ್ಟ ಪೆಟ್ಟಿಗೆಯೊಂದನ್ನು ತರಿಸಿ ಜೋಡಿಸಿದಳು. ಬ್ರೇಕಿನ ದೀಪ ಆರಿತು. ಇನ್ನೊಂದು ಪೆಟ್ಟಿಗೆ ಹಾಕಿದಳು, ಸ್ಟೇರಿಂಗಿನದು ಆರಿತು.

ಬಂಗೇರರು ಬಗ್ಗಿ ನೋಡಿದರು.

"ಇದು ಎಂತ ಪೆಟ್ಟಿಗೆ?"

"ಇಂಜಿನ್ ಸರಿ ಉಂಟು ಅಂತ ಗಾಡಿಗೆ ಹೇಳ್ತದೆ."

"ಇಂಜಿನ್ ಸರಿಯೇ ಉಂಟಲ್ಲ."

"ಹೌದು. ಆದರೆ ಗಾಡಿ ಕೇಳುದು ಅದರ ಇಂಜಿನ್ನನ್ನು."

"ಪಾಪ," ಎಂದರು ಬಂಗೇರರು. ಯಾರಿಗೆ ಪಾಪ ಎಂದು ಹೇಳಲಿಲ್ಲ.

ಕೊನೆಗೆ ಹಳೇ ಇಂಜಿನ್ನನ್ನು ಸರಪಳಿಯಲ್ಲಿ ಎತ್ತಿ ಮೆಲ್ಲಗೆ ಕಾರಿನೊಳಗೆ ಇಳಿಸುವ ದಿನ ಬಂತು. ಇಳಿಯಿತು, ಇಳಿಯಿತು, ಅಂಗೈ ಅಗಲ ಬಾಕಿ ಇರುವಾಗ ನಿಂತಿತು. ಅವಳು ಕೆಳಗೆ ಮಲಗಿ ನೋಡಿದಳು. ಮುಂದಿನ ಚಕ್ರಗಳನ್ನು ಹಿಡಿದಿಡುವ ಕಬ್ಬಿಣದ ಅಡ್ಡ ತೊಲೆಗೆ ಇಂಜಿನ್ನಿನ ತಳದ ಆಯಿಲ್ ಚೇಂಬರ್ ತಾಗುತ್ತಿತ್ತು.

ಎರಡರಲ್ಲಿ ಒಂದನ್ನು ಕೊಯ್ಯಬೇಕು.

ತೊಲೆ ಕೊಯ್ದರೆ ಬಲ್ಲಾಳರ ಗಾಡಿ ತಿರುವಿನಲ್ಲಿ ನೆಚ್ಚಿಕೊಳ್ಳುವಂತಿರುವುದಿಲ್ಲ. ಚೇಂಬರ್ ಕೊಯ್ಯೋಣವೆಂದರೆ ಅದು ಅಂಗಡಿಯಿಂದ ತಂದದ್ದಲ್ಲ, ಮೇಸ್ತ್ರಿ ತಗಡನ್ನು ಬಡಿದು ಬಡಿದು ಮಾಡಿದ್ದು. ಸುತ್ತಿಗೆಯ ಗುರುತುಗಳು ಮೀನಿನ ಹುರುಪೆಯ ಹಾಗೆ ಸಾಲಾಗಿ ಇನ್ನೂ ಕಾಣುತ್ತಿದ್ದವು. ಅವಳು ಮಲಗಿದಲ್ಲಿಂದಲೇ ಕೈಚಾಚಿ ಅವುಗಳ ಮೇಲೆ ಬೆರಳಾಡಿಸಿದಳು. ಆಮೇಲೆ ಎದ್ದು, ನದಿಗೆ ಮುಖ ಮಾಡಿ ಕೂತಿದ್ದ ಬಂಗೇರರ ಬಳಿ ಹೋದಳು.

"ಮೇಸ್ತ್ರಿ, ಯಾವುದನ್ನು ಕೊಯ್ಯಲಿ?"

ಅವರು ಒಳಗೆ ಹೋಗಿ ಗರಗಸ ತಂದು ಅವಳ ಕೈಗಿಟ್ಟರು.

"ನಿನಗೆ ಯಾವುದರ ಮೇಲೆ ಪ್ರೀತಿ ಕಡಿಮೆಯೋ, ಅದನ್ನು."

ಅವಳು ಗರಗಸ ಹಿಡಿದು ಕಾರಿನ ಹತ್ತಿರ ನಿಂತಳು. ಹಳದಿ ಗಾಡಿಯನ್ನು ಕಟ್ಟಿದವರು ಯಾರೋ, ಎಲ್ಲಿಯವರೋ. ಆದರೆ ಒಂದೊಂದು ಬೋಲ್ಟು ಬಿಚ್ಚುವಾಗಲೂ ಅವರ ಕೈಗುಣಕ್ಕೆ ಅವಳು ಮನಸ್ಸಿನಲ್ಲೇ ಭೇಷ್ ಅಂದಿದ್ದಳು. ಇತ್ತ ಈ ಇಂಜಿನ್. ಮಧ್ಯಾಹ್ನದ ಊಟದ ಹೊತ್ತು ಕಳೆಯಿತು. ಗರಗಸದ ಹಲ್ಲು ಎರಡಕ್ಕೂ ತಾಗಲಿಲ್ಲ.

ಬಂಗೇರರು ಬಂದು ಪಕ್ಕದ ಟಯರಿನ ಮೇಲೆ ಕೂತರು.

"ಇದು ಬಲ್ಲಾಳರಿಗೆ ಮಾಡುದಲ್ಲ ನೀನು. ಯಾರಿಗೆ?"

ಅವಳು ಗರಗಸವನ್ನು ನೆಲದ ಮೇಲಿಟ್ಟಳು. ಅಳು ತಡೆಯಲು ನೋಡಿದಳು, ಆಗಲಿಲ್ಲ.

"ನಿಮಗೆ, ಮೇಸ್ತ್ರಿ. ಕಿವಿ ಹೋಗುವ ಮೊದಲು ನಿಮಗೆ ಒಮ್ಮೆ ಕೇಳಿಸಬೇಕು ಅಂತ. ಆಮೇಲೆ ನಾನು ಎಂತ ಮಾಡಿದರೂ ಕೇಳಿಸ್ಲಿಕ್ಕೆ ಆಗುದಿಲ್ಲ ಅಲ್ವಾ."

ಬಂಗೇರರ ಕಣ್ಣಂಚೂ ಒದ್ದೆಯಾಗಿತ್ತು. ಅದನ್ನು ಮರೆಸಲು ಗ್ರೀಸಿನ ಬಟ್ಟೆಯಲ್ಲಿ ಮುಖ ಒರೆಸಿಕೊಂಡರು, ಹಣೆಯೆಲ್ಲ ಕಪ್ಪಾಯಿತು.

"ಅಷ್ಟಕ್ಕೆ ಗಾಡಿ ಎಂತಕ್ಕೆ ಮಾರಾಯ್ತಿ? ಸ್ವರಕ್ಕೆ ಚಕ್ರ ಬೇಡ."

ಅವಳು ಬೆಪ್ಪಾಗಿ ಅವರನ್ನೇ ನೋಡಿದಳು. ಇಷ್ಟು ದಿನ ಇದು ಹೊಳೆಯಲಿಲ್ಲವಲ್ಲ ಎಂದು ಅಳುವಿನ ನಡುವೆಯೇ ನಗು ಬಂತು.

ಹಾಗಾದರೆ ಹೊಸ ಗಾಡಿಗೆ ಹಳೇ ಇಂಜಿನ್ ಹಾಕುವುದೇ ತಪ್ಪೋ ಎಂದು ಕೇಳಿದಳು. ಬಂಗೇರರು ಯೋಚಿಸಿದರು.

"ಇಂಜಿನ್ ಸತ್ತು ನಿಂತ ಗಾಡಿ ಬಂದಿದ್ದರೆ ನಾನೇ ತೊಲೆ ಕೊಯ್ದು ಕೊಡ್ತಿದ್ದೆ. ಇದು ಉಸಿರಾಡ್ತಾ ಬಂದದ್ದು."

ಬಲ್ಲಾಳರಿಗೆ ಫೋನು ಮಾಡುವ ಕೆಲಸ ಹರಿಣಾಕ್ಷಿಯ ಪಾಲಿಗೆ ಬಂತು. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಸುಳ್ಳು ಕಾಯಿಲೆ ಹೇಳಿ ಇಂಜಿನ್ ಇಳಿಸಿದ್ದನ್ನೂ ಸೇರಿಸಿ. ಹೊಸದನ್ನು ಗಾಡಿಗೇ ಕೂರಿಸಿ, ಹಳೆಯದನ್ನು ನದಿ ದಂಡೆಯಲ್ಲೇ ಓಡಿಸಿ ಕೇಳುತ್ತೇವೆ ಎಂದಳು. ಆ ಸ್ವರವನ್ನು ದಂಡೆಯ ಮೇಲೆ ಹೊರಡಿಸುವುದಾದರೆ ತಾವೂ ಬರಬಹುದೇ ಎಂದು ಬಲ್ಲಾಳರು ಚಿಕ್ಕ ಹುಡುಗನ ಹಾಗೆ ಕೇಳಿದರು. ಅವಳು ಅದನ್ನು ಗಟ್ಟಿಯಾಗಿ ಹೇಳಿ ಕೇಳಿಸಿದಾಗ, ತಿನ್ನಲು ಗೋಳಿಬಜೆ ತಂದರೆ ಬರಬಹುದು ಎಂದು ಬಂಗೇರರು ಪಕ್ಕದಿಂದ ಷರತ್ತು ಹಾಕಿದರು.

ಮೊದಲು ಹೊಸ ಇಂಜಿನ್ ತನ್ನ ಜಾಗಕ್ಕೆ ಹೋಯಿತು. ಬಡಿಯಬೇಕಾಗಲಿಲ್ಲ, ಎಳೆಯಬೇಕಾಗಲಿಲ್ಲ. ಸುಳ್ಳಿನ ಪೆಟ್ಟಿಗೆಗಳನ್ನು ಬಿಚ್ಚಿ ಸ್ವಿಚ್ಚು ಹಾಕಿದಾಗ ದೀಪಗಳೆಲ್ಲ ಒಂದು ಸಲ ಹೊತ್ತಿ, ತಾವಾಗಿ ಆರಿದವು.

ಭಾನುವಾರ ಬೆಳಗ್ಗೆ ಹಳೇ ಇಂಜಿನ್ನನ್ನು ನದಿ ದಂಡೆಗೆ ತಂದು ದಪ್ಪ ಮರದ ದಿಮ್ಮಿಗಳಿಗೆ ಬೋಲ್ಟು ಹಾಕಿ ಬಿಗಿದರು. ಪೆಟ್ರೋಲಿನ ಡಬ್ಬಿಯನ್ನು ಮರದ ಗೂಟಕ್ಕೆ ನೇತುಹಾಕಿದರು. ತಂಪಿಗೆ ನೀರಿನ ಡ್ರಮ್ಮಿನಿಂದ ಪೈಪು ಕೊಟ್ಟರು. ಬಲ್ಲಾಳರು ಗೋಳಿಬಜೆಯ ಪೊಟ್ಟಣ ಹಿಡಿದು ದೂರದಲ್ಲಿ ನಿಂತರು. ಎಷ್ಟು ಹೇಳಿದರೂ ಹತ್ತಿರ ಬರಲಿಲ್ಲ, ಅಂದು ಕೇಳಿದ್ದೂ ದೂರದಿಂದಲೇ ಅಂತೆ.

ಹರಿಣಾಕ್ಷಿ ಬ್ಯಾಟರಿಯ ತಂತಿ ಮುಟ್ಟಿಸಿದಳು.

ಇಂಜಿನ್ ಕೆಮ್ಮಿತು, ಸುಮ್ಮನಾಯಿತು, ಮತ್ತೆ ಕೆಮ್ಮಿತು. ಆಮೇಲೆ ಹಿಡಿದುಕೊಂಡಿತು. ಅದರ ಸ್ವರ ನದಿಯನ್ನು ದಾಟಿ ಆಚೆ ದಡಕ್ಕೆ ಬಡಿದು ಹಿಂದೆ ಬಂತು. ಬಲ್ಲಾಳರು ಕನ್ನಡಕ ತೆಗೆದು ಒರೆಸಿಕೊಂಡರು. ಹರಿಣಾಕ್ಷಿಯ ಮೈಯೂ ಜುಮ್ಮೆಂದಿತು. ಇಷ್ಟು ಕಾಲ ಗೋಣಿಯೊಳಗೆ ಇದು ಇತ್ತಲ್ಲ ಎಂದು ಅವಳಿಗೆ ಖುಷಿಯೂ ಸಂಕಟವೂ ಒಟ್ಟಿಗೆ ಆಯಿತು.

ಬಂಗೇರರು ದಿಮ್ಮಿಯ ಮೇಲೆ ಅಂಗೈ ಊರಿ ಕಣ್ಣು ಮುಚ್ಚಿದ್ದರು.

"ಹೂಂ. ಅವನೇ," ಎಂದರು.

ಕಣ್ಣು ತೆರೆದು, ರೂಢಿಯಂತೆ, ಅವಳನ್ನು ನೋಡಿದರು.

"ಎಂತ ಹೇಳ್ತದೆ?"

ಅವಳು ಸ್ಕ್ರೂಡ್ರೈವರ್ ತಂದು ಕಿವಿಗಿಟ್ಟಳು. ದೊಡ್ಡ ಸ್ವರದ ಒಳಗೆಲ್ಲೋ ಸಣ್ಣದೊಂದು ಟಿಕ್ ಟಿಕ್ ಇತ್ತು.

"ಮೂರನೇ ಟ್ಯಾಪೆಟ್ ಸ್ವಲ್ಪ ಸಡಿಲ ಉಂಟು, ಮೇಸ್ತ್ರಿ."

"ಹೌದಾ?" ಎಂದರು ಬಂಗೇರರು. ನಿಜವಾಗಿ ಆಶ್ಚರ್ಯಪಟ್ಟ ಮುಖ.

ಅವಳು ಇಂಜಿನ್ ಆರಿಸಿದಳು. ನದಿಯ ಮೇಲೆ ಒಮ್ಮೆಲೇ ಮೌನ.

"ಈ ಟಿಕ್ ಟಿಕ್ ನಿಮಗೆ ಕೇಳಿಸಲಿಲ್ಲವಾ?"

"ಸಣ್ಣ ಸ್ವರ ನನಗೆ ಕೇಳದೆ ತುಂಬ ಕಾಲ ಆಯಿತು. ನೀನು ಬರುವ ಮೊದಲೇ ಹೋಗಿತ್ತು. ದೊಡ್ಡದು ಈಗ ಹೋಗ್ತಾ ಉಂಟು."

ಹರಿಣಾಕ್ಷಿಗೆ ಇಷ್ಟು ವರ್ಷಗಳ ಇಂಜಿನ್ನುಗಳೆಲ್ಲ ಸಾಲಾಗಿ ಕಣ್ಣ ಮುಂದೆ ಬಂದವು. ಒಂದೊಂದರ ಪಕ್ಕದಲ್ಲೂ ಕೈಕಟ್ಟಿ ನಿಂತ ಮೇಸ್ತ್ರಿ.

"ಹಾಗಾದರೆ ನೀವು ದಿನಾ ಕೇಳ್ತಿದ್ದದ್ದು ಪರೀಕ್ಷೆ ಅಲ್ಲವಾ?"

"ಎಂತ ಪರೀಕ್ಷೆ? ನನಗೆ ಗೊತ್ತಿರಲಿಲ್ಲ, ಕೇಳಿದೆ."

ಸ್ಕ್ರೂಡ್ರೈವರ್ ಇನ್ನೂ ಅವಳ ಕೈಯಲ್ಲೇ ಇತ್ತು. ಬಂಗೇರರು ಅದನ್ನು ಮೆಲ್ಲಗೆ ತೆಗೆದುಕೊಂಡು, ಹಿಡಿಗೆ ಮೆತ್ತಿದ್ದ ಎಣ್ಣೆಯನ್ನು ತಮ್ಮ ಅಂಗಿಗೆ ಒರೆಸಿ, ಮತ್ತೆ ಅವಳ ಕೈಗೇ ಕೊಟ್ಟರು.

"ನನ್ನ ಕಿವಿಯನ್ನು ನಾನು ಎಂದೋ ಹೊಸ ಗಾಡಿಗೆ ಕೂರಿಸಿ ಆಗಿದೆ, ಮಗಳೇ. ಎಂತದ್ದೂ ಕೊಯ್ಯಬೇಕಾಗಿ ಬರಲಿಲ್ಲ."