ಕಾಗೆಯ ತುತ್ತು

ತಾರಾಮಣಿ ಮಗುವಿಗೆ ಉಣ್ಣಿಸುವಾಗ "ಕಾಗೆ ಬಾ, ತುತ್ತು ತಗೋ" ಅಂತ ಕರೆಯುವಳು. ಕಾಗೆ ಕಿಟಕಿಗೆ ಬಂದು ಕೂರುವುದು, ಅದನ್ನು ನೋಡುತ್ತ ಮಗು ಬಾಯಿ ತೆರೆಯುವುದು. ಕಾಗೆಗೂ ಒಂದು ತುತ್ತು ಸಿಗುವುದು. ಗೂಡಲ್ಲಿದ್ದ ಮರಿಗಳಿಗೆ ಅದೇ ಊಟ.

ಮನೆಗೆ ಸ್ಮಾರ್ಟ್‌ಫೋನು ಬಂತು, ಕರೆಯುವುದು ನಿಂತುಹೋಯಿತು. ಮರಿಗಳ ಹಸಿವು ನೋಡಲಾರದೆ ಕಾಗೆ, ಪಾಪ, ಕರೆಯದೆಯೇ ಬಂತು. ಮಗುವಿನ ಮುಂದೆ ಫೋನು, ಅದರೊಳಗೆ ಟೋಪಿ ಹಾಕಿಕೊಂಡ ಕಾಗೆಯೊಂದು ಕುಣಿಯುತ್ತಿತ್ತು.

"ನನ್ನ ಕೆಲಸ ನಿನಗ್ಯಾಕಣ್ಣ?" ಎಂದಿತು ಕಾಗೆ.

"ಮೊನ್ನೆ ಮಗುವಿಗೆ ಜ್ವರ ಬಂದಾಗ ಡಾಕ್ಟರನ್ನು ಕರೆಸಿದ್ದು ನಾನು. ನೀನು ಕರೆಸುತ್ತಿದ್ದೆಯಾ?" ಎಂದಿತು ಫೋನು.

"ಅದು ನಿನ್ನ ಪುಣ್ಯ, ಇಲ್ಲ ಅನ್ನೋದಿಲ್ಲ. ಆದರೆ ನಿನ್ನ ಕಾಗೆ ಉಣ್ಣೋದಿಲ್ಲವಲ್ಲಪ್ಪ."

"ಅದಕ್ಕೇ ಇವರಿಗೆ ಅದು ಇಷ್ಟ."

ಕಾಗೆ ಮಗುವನ್ನೇ ಕೂಗಿತು: "ಕಂದಾ, ನಾನು ಬಂದಿದ್ದೇನೆ."

ಮಗು ತಲೆಯೆತ್ತಿತು. ಕಾಗೆಗೆ ಹೋದ ಜೀವ ಬಂದ ಹಾಗಾಯಿತು. ಮಗು ಅದರತ್ತ ಬೆರಳು ಚಾಚಿ, ಫೋನಿನಲ್ಲಿ ಬೇಡದ ಚಿತ್ರವನ್ನು ಸರಿಸುವ ಹಾಗೆ ಗಾಳಿಯಲ್ಲೇ ಬೆರಳನ್ನು ಪಕ್ಕಕ್ಕೆ ಸರಿಸಿತು. ಕಾಗೆ ಕದಲಲಿಲ್ಲ. ಮಗು ಅಳತೊಡಗಿತು.

ತಾರಾಮಣಿ ಮಗುವಿನ ಬಾಯಿಗೆ ತುತ್ತಿಟ್ಟು, ಎಡಗೈಯಿಂದ ಕಿಟಕಿ ಮುಚ್ಚಿದಳು.