ಹಿರೇಬಾವಿಯ ನೀರು

"ಹಿರೇಬಾವಿಯ ನೀರು ಕುಡಿದವರಿಗಲ್ಲದೆ ಈ ಪೇಟೆಯಲ್ಲಿ ಯಾರಿಗೂ ಅಂಗಡಿ ಇಲ್ಲ. ತಮ್ಮ ತಾತನವರೇ ಹಾಕಿಸಿಕೊಟ್ಟ ಶಾಸನ, ಪ್ರಭು" ಎಂದ ಪೇಟೆಯ ಯಜಮಾನ ಚಿಕ್ಕಣಶೆಟ್ಟಿ, ದೊರೆಯ ಮುಂದೆ ನಿಂತು.

ಮಾತು ನಿಜವೇ. ಹಿರೇಬಾವಿ ಎಂಬ ಊರಿನಿಂದ ಬಂದ ನಲವತ್ತು ಮನೆಯವರು ರಾಜಧಾನಿಯ ಪೇಟೆ ಕಟ್ಟಿದ್ದರು. ಒಬ್ಬನಿಗೆ ಬೋಣಿಯಾದರೆ ಮುಂದಿನ ಗಿರಾಕಿಯನ್ನು ಅವನೇ ಪಕ್ಕದಂಗಡಿಗೆ ಕಳಿಸುತ್ತಿದ್ದ. ತಮ್ಮವರ ಸರಕು ಹೊತ್ತ ಗಾಡಿಗೆ ಬಾಡಿಗೆ ಕೇಳುತ್ತಿರಲಿಲ್ಲ.

ಬಾಚಣಿಗೆ ಮಾರುವ ಸಂಕಮ್ಮ ಬೇರೆ ಊರಿನವಳು. ಅವಳ ಬುಟ್ಟಿಯನ್ನು ಮೂರು ಸಲ ಪೇಟೆಯಾಚೆ ಇಟ್ಟು ಬಂದಿದ್ದರು.

"ನನ್ನ ಬಾಚಣಿಗೆ ತಲೆ ನೋಡುತ್ತೆ, ಊರು ನೋಡಲ್ಲ ಸ್ವಾಮಿ. ಇನ್ನೊಂದು ವಾರ ಹೀಗೇ ಆದರೆ ನಮ್ಮನೆ ಒಲೆ ಉರಿಯಲ್ಲ" ಎಂದಳು.

ದೊರೆ ಮಂತ್ರಿ ಬೊಮ್ಮರಸನ ಕಡೆ ನೋಡಿದ. ಬಿಕ್ಕಟ್ಟು ಬಂದಾಗೆಲ್ಲ ಆ ನೋಟ ತನ್ನ ಕಡೆಗೇ ತಿರುಗುವುದು ಬೊಮ್ಮರಸನಿಗೆ ರೂಢಿಯಾಗಿತ್ತು.

"ಶೆಟ್ಟರೆ, ಹೊರಗಿನವರು ನಿಮಗೆ ಬೇಡವೇ ಬೇಡವೆ?"

"ನಮಗೆ ನಾವೇ ಸಾಕು, ಮಂತ್ರಿಗಳೆ."

"ಒಳ್ಳೆಯ ಮಾತು. ಪ್ರಭು, ಇದನ್ನೂ ಶಾಸನಕ್ಕೆ ಸೇರಿಸಿಬಿಡಿ. ನಾಳೆಯಿಂದ ಪೇಟೆಯಲ್ಲಿ ಮಾರುವವರೂ ಹಿರೇಬಾವಿಯವರೇ, ಕೊಳ್ಳುವವರೂ ಹಿರೇಬಾವಿಯವರೇ."

ಪೇಟೆಯ ಬಾಯಿಗೆ ಕಾವಲು ಬಿತ್ತು. ಮೊದಲ ದಿನ ಬಳೆಯವನು ಅರಿಶಿನ ಕೊಂಡ, ಅರಿಶಿನದವನು ಬಳೆ ಕೊಂಡ. ಎಲ್ಲರಿಗೂ ಬೋಣಿಯಾಯಿತು. ಮೂರನೆಯ ದಿನ ಬಳೆಯಂಗಡಿಯ ತುಂಬ ಅರಿಶಿನ, ಅರಿಶಿನದಂಗಡಿಯ ತುಂಬ ಬಳೆ.

ನಾಲ್ಕನೆಯ ದಿನ ಚಿಕ್ಕಣಶೆಟ್ಟಿ ಮಂತ್ರಿಯ ಮನೆಗೆ ಬಂದ.

"ಆ ಸಾಲು ಅಳಿಸಿಬಿಡಿ, ಸ್ವಾಮಿ."

"ಕಲ್ಲಿನಲ್ಲಿ ಕೆತ್ತಿಯಾಯಿತಲ್ಲ ಶೆಟ್ಟರೆ. ಆದರೆ ನಿಮ್ಮ ಬಾವಿಯ ನೀರು ಎಷ್ಟು ಕುಡಿದಿರಬೇಕು ಅಂತ ಯಾರೂ ಕೆತ್ತಿಸಿಲ್ಲ. ಒಂದು ಕೊಡ ತಂದು ಊರ ಕೆರೆಗೆ ಸುರಿಯಿರಿ. ಕುಡಿದವರೆಲ್ಲ ನಿಮ್ಮವರೇ."

ಶೆಟ್ಟಿ ತಲೆ ಕೆರೆದುಕೊಂಡ. ಆದರೆ ಹಿರೇಬಾವಿಗೆ ಗಾಡಿ ಹೊರಡುವುದು ತಡವಾಗಲಿಲ್ಲ.

ಕೊಡ ಸುರಿದ ಬೆಳಗ್ಗೆ ಸಂಕಮ್ಮ ಕೆರೆಯಲ್ಲಿ ಒಂದು ಬೊಗಸೆ ನೀರು ಕುಡಿದು, ನೇರ ಶೆಟ್ಟಿಯ ಪಕ್ಕದಲ್ಲೇ ಬುಟ್ಟಿ ಇಳಿಸಿದಳು. ಶೆಟ್ಟಿಗೆ ಆಗಲೇ ಬೋಣಿಯಾಗಿತ್ತು. ಎರಡನೆಯ ಗಿರಾಕಿ ಬಂದಾಗ ಅವನು ಎತ್ತಲೋ ನೋಡುತ್ತ, "ಮೊದಲು ಆ ಅಕ್ಕನ ಹತ್ತಿರ ಹೋಗಿ" ಎಂದ.

ಇದನ್ನು ಕೇಳಿ ದೊರೆ ಬಿದ್ದು ಬಿದ್ದು ನಕ್ಕ. ಶೆಟ್ಟಿಯನ್ನು ಕರೆಸಿ, "ಅರಮನೆಗೂ ಅದೇ ಕೆರೆಯ ನೀರು. ಹಾಗಾದರೆ ನಾನೂ ನಿಮ್ಮವನೇ ಆದೆ!" ಎಂದ.

ಶೆಟ್ಟಿ ಕೈಮುಗಿದ. "ಸಂತೋಷ, ಪ್ರಭು. ನಮ್ಮವರು ನಮ್ಮವರಿಂದ ಸುಂಕ ತೆಗೆದುಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ."

ದೊರೆಯ ನಗು ಅಲ್ಲಿಗೇ ನಿಂತಿತು. ಮೆಲ್ಲಗೆ ಬೊಮ್ಮರಸನ ಕಡೆ ನೋಡಿದ.

"ಶೆಟ್ಟರೆ," ಎಂದ ಬೊಮ್ಮರಸ, "ಪ್ರಭುಗಳಿಗೆ ಇವತ್ತಿನಿಂದ ಬರೀ ಎಳನೀರು."